ಗುಳಿಗೆಗೂ ಒಂದು ಅಕ್ಕಡಿ

ನಮ್ಮ ಚಿಗವ್ವನಿಂದಾಗಿ ಒಂದು ವೈದ್ಯಕೀಯ ಸಂಶೋಧನೆಯೇ ಹಳ್ಳ ಹಿಡಿಯುವುದರಲ್ಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳು ತಲೆ ಕೆಡಿಸಿಕೊಂಡು ಕಟ್ಟಿದ ವ್ಯವಸ್ಥೆಯನ್ನು ಮೊರಬ ಎಂಬ ಹಳ್ಳಿಯ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಹಾಕಿಕೊಂಡು ಕಲಸಿಬಿಟ್ಟಳು! ಉತ್ಪ್ರೇಕ್ಷೆ ಎನ್ನುವಿರಾ? ಸೆರಗಂತೂ ಖರೆ, ನಾನೇ ನೋಡಿದ್ದೇನೆ. ಉಳಿದದ್ದಕ್ಕೆ ನನ್ನ ನೆನಪು ಎಷ್ಟು ಉಪ್ಪುಖಾರ ಬೆರೆಸಿದೆಯೋ ಹೇಳಲಾರೆ. ನಾನು ದಿನಚರಿ ಬರೆಯುವವಳು. ಬರೆದಿಟ್ಟದ್ದಕ್ಕೂ ನೆನಪಿನಲ್ಲಿ ಉಳಿದದ್ದಕ್ಕೂ ಎಷ್ಟೋ ಸಲ ತಾಳೆಯಾಗದೆ ಪೆಚ್ಚಾಗಿ ಕೂತವಳು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಕೈಗೆ ಬಂದದ್ದನ್ನೆಲ್ಲ ಅರ್ಧ ಮಾಡಿ ಬಾಜೂಕಿನವರಿಗೆ ಕೊಡದಿದ್ದರೆ ಆಕೆಗೆ ಸಮಾಧಾನವಿಲ್ಲ. ರೊಟ್ಟಿ, ಪುಂಡಿಪಲ್ಲೆ, ಬಸ್ಸಿನ ಸೀಟು, ಇವೆಲ್ಲ ಸರಿ. ಗುಳಿಗೆ? ಓಣಿಯ ಅರ್ಧ ಹೆಂಗಸರು ಆಕೆಯ ಮೊಣಕಾಲು ನೋವಿನ ಗುಳಿಗೆಯ ರುಚಿ ನೋಡಿದವರೇ! "ನಿಮಗ ಮೊಣಕಾಲ್ ನೋವಿಲ್ಲಲ್ರಿ?" ಎಂದು ಪಕ್ಕದ ಮನೆಯಾಕೆಯನ್ನು ಕೇಳಿದೆ. "ಇಲ್ಲವಾ, ಮುಂದ ಬಂದರ ಇರಲಿ ಅಂತ ನಿಮ್ಮ ಚಿಗವ್ವ ತಿನಿಸಿ ಹೋದ್ಲು" ಎಂದಳು.

ಎದೆಯಲ್ಲಿ ಗಂಟು ಸಿಕ್ಕಾಗ ಮಾತ್ರ ಚಿಗವ್ವ ಯಾರಿಗೂ ಪಾಲು ಕೊಡಲಿಲ್ಲ. ಕಡಲೆ ಒಕ್ಕಣೆ ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ಕಡೆಗೆ ಹೇಳಿದ್ದು ನನಗೆ, ಅದೂ ಕಾಳು ಹಸನು ಮಾಡುತ್ತ. ಮೊರದಿಂದ ಒಂದು ಕಡಲೆ ಎತ್ತಿ ತೋರಿಸಿ, "ಮೊದಲ ಇಷ್ಟಿತ್ತು" ಎಂದಳು. ಆಮೇಲೆ ಬುಟ್ಟಿಯಿಂದ ನಿಂಬೆಹಣ್ಣು ತೆಗೆದಳು. "ಈಗ ಇಷ್ಟಾಗೇತಿ." ನನ್ನ ಕಣ್ಣು ತುಂಬಿದ್ದು ಕಂಡು, "ಅಳಬ್ಯಾಡಬೇ, ಇದ ಲಿಂಬಿಕಾಯಿಲೆ ಒಗೀತೀನಿ ನೋಡು!" ಎಂದು ಗದರಿದಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಕೀಮೋ ಆಯಿತು. ತಲೆಗೂದಲು ಉದುರಿದಾಗ ಸಾಂತ್ವನ ಹೇಳಲು ಬಂದವರಿಗೆ, "ಹೇನು ನೋಡಾಕ ಇನ್ನ ನಿಮ್ಮನ್ನ ಕರಿಯಂಗಿಲ್ಲ, ಹೋಗ್ರಿ" ಎಂದು ಚಹಾ ಕೊಟ್ಟು ಕಳಿಸಿದಳು. ಈ ರೋಗ ಕೆಲವು ಮನೆತನಗಳಲ್ಲಿ ಹೆಚ್ಚು, ಹತ್ತಿರದ ಹೆಣ್ಣುಮಕ್ಕಳೂ ತೋರಿಸಿಕೊಳ್ಳುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ನನ್ನ ರಟ್ಟೆ ಹಿಡಿದು ಮುಂದೆ ದೂಡಿದಳು. "ಹೆಂಗೂ ಬಂದಾಳ. ಈಕಿನ್ನೂ ಒಮ್ಮಿ ನೋಡಿ ಒಗದ ಬಿಡ್ರಿ!" ನೋಡಿದರು, ನನ್ನಲ್ಲಿ ಏನೂ ಇರಲಿಲ್ಲ. ಆ ಐದು ನಿಮಿಷ ನನಗೆ ಉಸಿರೂ ಇರಲಿಲ್ಲ.

ಇನ್ನು ಸಂಶೋಧನೆಯ ವಿಷಯ. ರೋಗ ಮರಳದಂತೆ ಎಲ್ಲರಿಗೂ ಕೊಡುವ ಔಷಧ ಚಿಗವ್ವನಿಗೂ ಸಿಗುತ್ತಿತ್ತು. ಅದರ ಜೊತೆಗೆ ಇನ್ನೊಂದು ಗುಳಿಗೆ ಕೊಟ್ಟರೆ ಹೆಚ್ಚು ಲಾಭವೇ ಎಂದು ಪರೀಕ್ಷೆ ನಡೆದಿತ್ತು. ಸೇರಿದವರಲ್ಲಿ ಅರ್ಧ ಜನಕ್ಕೆ ಖರೆ ಗುಳಿಗೆ, ಉಳಿದವರಿಗೆ ನೋಡಲು ಥೇಟು ಅಂಥದೇ, ಆದರೆ ಒಳಗೆ ಔಷಧವಿಲ್ಲದ್ದು. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದೆ. ನಮ್ಮ ಡಾಕ್ಟರು ಇದನ್ನು ತಾಳ್ಮೆಯಿಂದ ಬಿಡಿಸಿ ಹೇಳಿದರು. ಚಿಗವ್ವನಿಗಿಂತ ಎಷ್ಟೋ ಚಿಕ್ಕ ಹೆಣ್ಣುಮಗಳು, ಹುಬ್ಬಳ್ಳಿಯವರೇ.

"ನನಗ ಯಾವುದು ಬಂದೈತಿ ಅಂತ ನಿನಗ ಗೊತ್ತಿರತೈತಿಲ್ಲ?"

"ಇಲ್ರಿ. ನನಗೂ ಗೊತ್ತಿರಂಗಿಲ್ಲ."

"ಏನ್ ಕೊಡಾಕತ್ತೇನಂತ ಕೊಡಾಕಿಗೇ ಗೊತ್ತಿಲ್ಲಂದ್ರ ಹೆಂಗವಾ?"

"ಗೊತ್ತಿದ್ದರ ಖರೇದು ತಿಂದವರು ಚೊಲೊ ಅದಾರ ಅಂತ ನನ್ನ ಕಣ್ಣಿಗೇ ಕಾಣಾಕ ಹತ್ತತೈತ್ರಿ. ಅದಕ್ಕ."

"ಅಂದ್ರ ನಿನ್ನ ಮ್ಯಾಲೆ ನಿನಗ ನಂಬಿಕಿ ಇಲ್ಲ."

"ಇಲ್ರಿ" ಎಂದು ಡಾಕ್ಟರು ನಕ್ಕರು.

ಚಿಗವ್ವ ಪೆನ್ನಿಗೆ ಕೈ ಚಾಚಿದಳು. "ಹಂಗಾರ ಖರೇ ಮಾತಾಡ್ತಿ. ಎಲ್ಲಿ ಸಹಿ ಮಾಡ್ಲಿ?" ನನಗೂ ಆ ಮಾತು ನಾಟಿತು. ತನ್ನ ಕಣ್ಣನ್ನೇ ನಂಬಲೊಲ್ಲದ ಇಂಥ ವಿದ್ಯೆ ಒಂದಿದೆ ಎಂದು ತಿಳಿದಾಗ, ನನ್ನ ನೆನಪಿನ ಮೇಲೆ ನಾನೇ ಇಟ್ಟ ಅನುಮಾನಕ್ಕೆ ಯಾರೋ ಕುರ್ಚಿ ಹಾಕಿ ಕೂಡಿಸಿದಂತಾಯಿತು. ಅಡ್ಡ ಪರಿಣಾಮಗಳ ಯಾದಿ ಬಂದಾಗ ಮಾತ್ರ ಚಿಗವ್ವನದು ತಕರಾರು. "ಕೀಲುನೋವು, ಸುಸ್ತು, ನಿದ್ದಿ ಬರಂಗಿಲ್ಲ. ಇವು ಅದಾವು ನನಗ. ನಿಮ್ಮ ಗುಳಿಗಿ ಹೊಸಾದು ಏನ್ ಮಾಡತೈತಿ, ಅದನ್ನ ಹೇಳ್ರಿ!"

ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತ ಕೂಡುವ ಬಾಕಿನ ಮೇಲೆ ಚಿಗವ್ವನಿಗೊಬ್ಬ ಗೆಳತಿ ಸಿಕ್ಕಳು. ಗುಡಗೇರಿಯಿಂದ ರೈಲಿನಲ್ಲಿ ಬರುತ್ತಿದ್ದ ಆಕೆಯೂ ಅದೇ ರೋಗದವಳು, ಅದೇ ಪರೀಕ್ಷೆಗೆ ಸೇರಿದವಳು. ಚಿಗವ್ವನ ಬಾಯಿಗೆ ತದ್ವಿರುದ್ಧ, ಬಲು ಮೆತ್ತನೆಯ ಹೆಣ್ಣುಮಗಳು. ಇಬ್ಬರೂ ಒಂದೇ ದಿನ ಬರುವರು, ಬುತ್ತಿ ಬಿಚ್ಚುವರು, ತಿಂಗಳ ಗುಳಿಗೆಯ ಬಾಟಲಿ ಪಡೆದು ಹೋಗುವರು. ಹೊಸ ಗುಳಿಗೆ ಶುರುವಾದ ಮೇಲೆ ಚಿಗವ್ವನ ಹೊಟ್ಟೆ ಕೆಟ್ಟಿತು, ನಾಲಗೆಗೆ ರುಚಿ ಹೋಯಿತು. ಗೆಳತಿಗೆ ಏನೂ ಆಗಲಿಲ್ಲ. ಬದಲಿಗೆ ಹಸಿವು ಹೆಚ್ಚಿತು, ಮುಖಕ್ಕೆ ಕಳೆ ಬಂತು.

ಒಂದು ದಿನ ನಾನು ಚಹಾ ತರಲು ಹೋಗಿ ಬಂದೆ. ಬಾಕಿನ ಮೇಲೆ ಚಿಗವ್ವ ಸೆರಗು ಹಾಸಿ ಎರಡೂ ಬಾಟಲಿಗಳನ್ನು ಅದರಲ್ಲಿ ಸುರಿದಿದ್ದಳು! ಬಿತ್ತುವ ಕಾಳು ಕಲಸುವಂತೆ ಬೆರಳಾಡಿಸಿ, ಬೊಗಸೆಯಲ್ಲಿ ಎತ್ತಿ ಎರಡು ಪಾಲು ಮಾಡುತ್ತಿದ್ದಳು.

"ಚಿಗವ್ವಾ, ಏನಿದು?"

"ಅಕ್ಕಡಿ."

ನಮ್ಮ ಕಡೆ ಕಡಲೆ ಹೊಲದಲ್ಲಿ ನಡುನಡುವೆ ಕುಸುಬಿಯ ಸಾಲು ಬಿಡುತ್ತಾರೆ. ಒಂದು ಕೈಕೊಟ್ಟರೂ ಇನ್ನೊಂದು ಬಂದೀತು ಎಂದು. ಅದಕ್ಕೆ ಅಕ್ಕಡಿ ಎನ್ನುತ್ತಾರೆ. ಅದನ್ನು ಈಕೆ ಗುಳಿಗೆಗೂ ಹಾಕಿದ್ದಳು, ಕೆಲವು ತಿಂಗಳಿಂದ! ನಾನು ಬಾಯಿ ತೆರೆದು ನಿಂತಿರುವಾಗಲೇ ಹಿಂದಿನಿಂದ ಡಾಕ್ಟರು ಬಂದರು. ಸೆರಗು ನೋಡಿದರು, ಖಾಲಿ ಬಾಟಲಿ ನೋಡಿದರು. ಮೂವರನ್ನೂ ಒಳಗೆ ಕರೆದು ಬಾಗಿಲು ಹಾಕಿದರು.

"ಯಾಕ ಹಿಂಗ್ ಮಾಡಿದ್ರಿ ಅಂತ ಇಬ್ಬರೂ ಹೇಳ್ರಿ."

ಚಿಗವ್ವ ನೆಟ್ಟಗೆ ಕೂತಳು. "ಹೊಟ್ಟಿ ಕೆಡಿಸಿದ್ದು ನಂದು. ಅಂದ್ರ ಖರೇ ಗುಳಿಗಿ ನನ್ನ ಹತ್ರನ ಐತಿ. ಈಕಿದು ಸುಳ್ಳಂದು. ಗೊತ್ತಿದ್ದೂ ಗೊತ್ತಿದ್ದೂ ಒಬ್ಬಾಕಿನ ನುಂಗಾಕ ನನಗ ಆಗಲಿಲ್ಲ."

ಗುಡಗೇರಿಯಾಕೆ ತಲೆ ಎತ್ತಲಿಲ್ಲ. ಮೆಲ್ಲಗೆ, "ನಾ ಬ್ಯಾರೆ ತಿಳಕೊಂಡಿದ್ನಿರಿ" ಎಂದಳು. "ನನಗ ದಿನಾ ಆರಾಮ ಆಗಾಕತ್ತಿತ್ತು. ಈಕಿ ಸೊರಗಾಕತ್ತಿದ್ಲು. ಖರೇದು ನನ್ನ ಹತ್ರ ಐತಿ, ಈಕಿಗೆ ಸುಳ್ಳಂದು ಬಿದ್ದೈತಿ ಅಂತ ಅನಿಸ್ತು. ಬಾಯಿ ಬಿಟ್ಟು ಹೇಳಿದ್ರ ಈಕಿ ಎದಿ ಒಡಕೋತಾಳಂತ ಸುಮ್ಮನಿದ್ನಿ. ಕಲಸೂಣು ಅಂತ ಈಕಿನ ಅಂದಾಗ ನನಗ ಚೊಲೊನ ಆತ್ರಿ."

ಚಿಗವ್ವ ಸೆರಗಿನಲ್ಲಿದ್ದ ಗುಳಿಗೆಗಳನ್ನೆಲ್ಲ ಡಾಕ್ಟರ ಮೇಜಿನ ಮೇಲೆ ಸುರಿದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಖರೆ ಗುಳಿಗೆ ಇಬ್ಬರ ಬಳಿಯೂ ಇದ್ದೀತು, ಇಬ್ಬರ ಬಳಿಯೂ ಇರಲಿಕ್ಕಿಲ್ಲ, ಹೊಟ್ಟೆ ಕೆಡುವುದಕ್ಕೆ ನೂರು ಕಾರಣ ಎಂದರು. ಅರ್ಧ ಔಷಧದಿಂದ ಯಾರಿಗೂ ಪೂರ್ತಿ ಲಾಭವಿಲ್ಲ ಎಂದರು. ಹೀಗೆ ಕಲಸಿದರೆ ನಾಳೆ ಬರುವ ಹೆಣ್ಣುಮಕ್ಕಳಿಗೆ ಕೊಡಬೇಕೋ ಬೇಡವೋ ಎಂಬ ಉತ್ತರವೇ ಕೆಡುತ್ತದೆ ಎಂದು ಹೇಳುವಾಗ ಅವರ ಕಣ್ಣು ನನ್ನ ಕಡೆ ಹೊರಳಿತು. ಅಥವಾ ಹೊರಳಿತೆಂದು ನನಗೆ ಅನಿಸಿತು.

ಚಿಗವ್ವ ಕೇಳಿದ್ದು ಒಂದೇ ಮಾತು. "ಖರೇದು ಈಕಿ ಹತ್ರನ ಇದ್ದಿದ್ರ, ನಾ ಈಕಿ ಜೀವದಾಗಿಂದು ಅರ್ಧಾ ತಿಂದಂಗಾತಲ್ರಿ?"

"ಗೊತ್ತಿಲ್ರಿ" ಎಂದರು ಡಾಕ್ಟರು. "ಈಗ ಅದನ್ನ ಯಾರೂ ಹೇಳಾಕ ಆಗಂಗಿಲ್ಲ."

ಗುಡಗೇರಿಯಾಕೆ ಚಿಗವ್ವನ ಕೈ ಮೇಲೆ ಕೈ ಇಟ್ಟಳು. "ತಿಂದಿದ್ರ ತಿಂದಿ ಬಿಡಬೇ. ಕೊಟ್ಟಾಕಿ ನಾನ ಅಲ್ಲೇನು?"

ನಡೆದದ್ದನ್ನು ಡಾಕ್ಟರು ಮೇಲಿನ ಸಮಿತಿಗೆ ತಿಳಿಸಲೇಬೇಕಾಯಿತು. ಸಮಿತಿ ಇಬ್ಬರನ್ನೂ ಹೊರಗೆ ಹಾಕಲಿಲ್ಲ. ಕಲಸಿದ್ದನ್ನು ಕಲಸಿದಂತೆಯೇ ದಾಖಲಿಸಿ, ಇನ್ನು ಅವರವರ ಗುಳಿಗೆ ಅವರವರೇ ನುಂಗಬೇಕೆಂದಿತು. ಮತ್ತೆ ಭೇಟಿಯಾಗದಿರಲೆಂದು ಇಬ್ಬರಿಗೂ ಬೇರೆ ಬೇರೆ ವಾರ ಕೊಟ್ಟಿತು.

ಮುಂದಿನ ತಿಂಗಳು ಚಿಗವ್ವ ಹುಬ್ಬಳ್ಳಿ ಬಸ್ಸಿಗೆ ನಿಂತದ್ದು ಕಂಡು ನಾನು ಓಡಿ ಹೋದೆ. ಕೈಯಲ್ಲಿ ಚೀಲವಿಲ್ಲ, ಬಾಟಲಿಯಿಲ್ಲ.

"ಈ ವಾರ ನಿಂದಲ್ಲ, ಗುಡಗೇರಿಯವರದು."

"ಗೊತ್ತೈತಿ" ಎಂದಳು. ತಲೆಯ ಮೇಲೆ ಇನ್ನೂ ಗಿಡ್ಡವಾಗಿಯೇ ಇದ್ದ ಕೂದಲನ್ನು ಸೆರಗಿನಿಂದ ಮುಚ್ಚಿಕೊಂಡಳು. "ಇವತ್ತ ಆಕಿ ಎದಿ ಫೋಟೋ ತಗೀತಾರಂತ. ಒಳಗಿಂದ ಹೊರಗ ಬರೂ ಹೊತ್ತಿಗೆ ಯಾರರ ಒಬ್ರು ಕುಂತಿರಬೇಕಲ್ಲ."