ಜಟ್ಟಿಯ ತೂಕ

ನಮ್ಮ ಸೋದರಮಾವ ಸುಳ್ಳು ಹೇಳುವವರಲ್ಲ. ಈ ಮಾತು ಕೇಳಿದರೆ ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೂ ಹೊಟ್ಟೆ ಹಿಡಿದುಕೊಂಡು ನಗುವವರಿದ್ದಾರೆ, ನಗಲಿ ಬಿಡಿ! ಮಾವ ಸುಳ್ಳು ಹೇಳುವುದಿಲ್ಲ. ಇದ್ದ ನಿಜಕ್ಕೆ ಒಂದಿಷ್ಟು ಹಿಂಡಿ, ಬೂಸಾ ಹಾಕಿ ಮೈ ತುಂಬಿಸುತ್ತಾರೆ, ಅಷ್ಟೆ. ಬಡಕಲು ನಿಜವನ್ನು ನಾಲ್ಕು ಜನರ ಮುಂದೆ ನಿಲ್ಲಿಸುವುದೆಂದರೆ ಅವರಿಗೆ ಮರ್ಯಾದೆ ಹೋದ ಹಾಗೆ.

ಇದು ಕಸುಬಿನಿಂದ ಬಂದ ಗುಣ. ಮಾವ ದನದ ದಲ್ಲಾಳಿ. ಅಂತರಸಂತೆಯ ಸಂತೆಯಿಂದ ಹಿಡಿದು ಚುಂಚನಕಟ್ಟೆಯ ಗದ್ದೆಬಯಲಿನವರೆಗೆ ಅವರು ಮಾರಿಸಿಕೊಟ್ಟ ಎತ್ತು, ಹಸುಗಳಿಗೆ ಲೆಕ್ಕವಿಲ್ಲ. ಟವಲ್ಲಿನ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು ಬೆಲೆ ಕೂಡಿಸುವಾಗ ಅವರ ಮುಖ ನೋಡಬೇಕು, ದೇವರಿಗೆ ಕೈ ಮುಗಿಯುತ್ತಿರುವವರ ಹಾಗೆ ಕಣ್ಣು ಮುಚ್ಚಿರುತ್ತಾರೆ. "ಹಾಲು ಎಷ್ಟು ಕೊಡ್ತದೆ?" ಎಂದು ಯಾರಾದರೂ ಕೇಳಿದರೆ ಲೀಟರಿನ ಲೆಕ್ಕವನ್ನೇ ಹೇಳುವುದಿಲ್ಲ. "ಕರೆಯೋವ್ನ ಕೈ ಸೋಲ್ತದೆ, ಹಾಲು ನಿಲ್ಲಾಕಿಲ್ಲ" ಅನ್ನುತ್ತಾರೆ. ಮಾರಲೆಂದು ಮನೆಯಲ್ಲಿ ಕಟ್ಟಿಕೊಂಡ ಅದೇ ಹಸುವನ್ನು ಅತ್ತೆ ಬೆಳಿಗ್ಗೆ ತಾನೇ ಕರೆದು, ಕಾಫಿಗೂ ಸಾಲದೆ ಪಕ್ಕದ ಮನೆಯಿಂದ ಹಾಲು ತಂದಿರುತ್ತಾರೆ.

"ಯಾಕೆ ಮಾವ ಹೀಗೆ?" ಎಂದು ಒಮ್ಮೆ ಕೇಳಿದ್ದೆ.

"ಮೂಕಪ್ರಾಣಿ ಎದ್ರುಗೇ ಅದ್ನ ಕಮ್ಮಿ ಮಾಡಿ ಮಾತಾಡ್ಬಾರ್ದು ಕಣ್ಲಾ. ಅದ್ಕೂ ಮನಸೈತೆ."

ಮಾತನಾಡುವ ಪ್ರಾಣಿಗಳಿಗೂ ಇದೇ ಉಪಚಾರ! ನನಗೆ ಹೆಣ್ಣು ನೋಡಲು ಪಿರಿಯಾಪಟ್ಟಣಕ್ಕೆ ಹೋದಾಗ ಹಿರಿಯರೆಂದು ಮಾವನನ್ನು ಮುಂದೆ ಕೂರಿಸಿದ್ದೇ ತಪ್ಪಾಯಿತು. ಹುಡುಗಿಯ ತಂದೆ "ಹುಡುಗನ ಗುಣ ಹೇಗೆ?" ಎಂದರು. ಮಾವ ನನ್ನ ಬೆನ್ನಿನ ಮೇಲೆ ಪಟಪಟನೆ ಎರಡೇಟು ಬಡಿದು, "ಸುಳಿ ಸುದ್ದ ಸ್ವಾಮಿ, ಒದೆಯಾಕಿಲ್ಲ, ಆಯಾಕಿಲ್ಲ. ಒಂಟಿಗೂ ಸೈ, ಜೋಡಿಗೂ ಸೈ" ಎಂದುಬಿಟ್ಟರು. ಒಳಗೆ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಕ್ಕವಳೇ ಈಗ ನನ್ನ ಹೆಂಡತಿ. ಅತ್ತೆಯದು ಇನ್ನೊಂದು ಕತೆ. "ನನ್ ನೋಡಾಕ್ ಬಂದಾಗ ಎಂಟೆಕ್ರೆ ಜಮೀನೈತೆ ಅಂದಿದ್ರಪ್ಪ ನಿಮ್ ಮಾವ. ಬಂದು ನೋಡುದ್ರೆ ಅರ್ಧಕ್ಕೆ ಕಾಡಂದಿನೇ ಯಜಮಾನ!"

ಇಂಥ ಮಾವನ ಮನೆಗೆ ಒಂದು ನಾಯಿ ಬಂತು. ವೀರನಹೊಸಹಳ್ಳಿಯ ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಾಲಿಗೆ ಸುತ್ತಿಕೊಂಡ ಕಂದು ಬಣ್ಣದ ಬೀದಿಮರಿ. ಬೆಳೆದ ಮೇಲೂ ಮಾವನ ಮೊಣಕಾಲು ಮುಟ್ಟಲಿಲ್ಲ. ಅದಕ್ಕೆ ಮಾವ ಇಟ್ಟ ಹೆಸರು ಜಟ್ಟಿ! ಪಕ್ಕದ ಮನೆಯ ಹೇಟೆ ಕೋಳಿ ರೆಕ್ಕೆ ಬಿಚ್ಚಿದರೆ ಅತ್ತೆಯ ಸೀರೆಯ ಹಿಂದೆ ಅವಿತುಕೊಳ್ಳುವ ಈ ಜಟ್ಟಿ, ಮಾವನ ಬಾಯಲ್ಲಿ, ಹೊಲಕ್ಕೆ ನುಗ್ಗಿದ ಆನೆಯನ್ನು ಕಾಡಿನ ಗಡಿ ದಾಟಿಸಿ ಬಂದಿದ್ದ. ಆನೆ ಓಡಿದ್ದು ನಿಜ. ಅರಣ್ಯ ಇಲಾಖೆಯವರು ಪಟಾಕಿ ಹೊಡೆದಿದ್ದರು. ಜಟ್ಟಿ ಓಡಿದ್ದೂ ನಿಜ. ಯಾವ ದಿಕ್ಕಿಗೆ ಎನ್ನುವುದನ್ನು ಮಾವ ಹೇಳುತ್ತಿರಲಿಲ್ಲ.

ಮಕ್ಕಳಿಲ್ಲದ ಮನೆ. ಮಾವ ಊಟಕ್ಕೆ ಕೂತರೆ ಮೊದಲ ತುತ್ತು ಮುದ್ದೆ ಜಟ್ಟಿಗೆ. ಅವನಿಗೆ ಕಜ್ಜಿ ಹತ್ತಿ ಮೈಯೆಲ್ಲ ಕೆರೆದುಕೊಳ್ಳತೊಡಗಿದಾಗ ಮಾವ ಬೇವಿನೆಣ್ಣೆ, ಅರಿಸಿನ ಎಲ್ಲ ಹಚ್ಚಿ ನೋಡಿದರು. ಕಡಿಮೆಯಾಗಲಿಲ್ಲ. ಕಡೆಗೆ ಹುಣಸೂರಿನಲ್ಲಿರುವ ನನಗೆ ಫೋನು ಬಂತು. ಪೇಟೆಯಲ್ಲಿ ಹೊಸದಾಗಿ ಒಂದು ಖಾಸಗಿ ಕ್ಲಿನಿಕ್ ತೆರೆದಿತ್ತು, ಅಲ್ಲಿಗೇ ಕರೆದುಕೊಂಡು ಹೋದೆ.

ಡಾಕ್ಟರು ಎಳೆ ವಯಸ್ಸಿನವರು. ಕಿವಿಯಲ್ಲಿ ಫೋನು, ಕೈಯಲ್ಲಿ ಪೆನ್ನು. ಜಟ್ಟಿ ಒಳಗೆ ಕಾಲಿಟ್ಟವನೇ ಬೆಂಚಿನ ಕೆಳಗೆ ಹೊಕ್ಕ, ಹೊರಗೆ ಉಳಿದದ್ದು ಬಾಲ ಮಾತ್ರ. ಡಾಕ್ಟರು ಕುರ್ಚಿಯಿಂದ ಏಳದೆ ಬಾಲವನ್ನೇ ನೋಡಿ "ಕಜ್ಜಿ" ಎಂದರು. ಮೂಲೆಯಲ್ಲಿ ತೂಕದ ಯಂತ್ರವೊಂದು ಇತ್ತು. ಅದರ ಮೇಲೆ ನಾಯಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಏರಿದ್ದವು.

"ವಾರಕ್ಕೊಂದರ ಹಾಗೆ ಮೂರು ಇಂಜೆಕ್ಷನ್ ಕೊಡ್ಬೇಕಾಗುತ್ತೆ" ಎಂದರು.

ಮಾವ ಹೆಗಲ ಮೇಲಿನ ಟವಲ್ಲನ್ನು ಡಾಕ್ಟರ ಕೈಮೇಲೆ ಹರಡಿದರು. ಒಳಗಿನಿಂದ ಅವರ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, "ಇಷ್ಟಕ್ ಮುಗ್ಸಿ ಸಾರ್" ಎಂದರು. ಡಾಕ್ಟರು ಹಾವು ತುಳಿದವರಂತೆ ಎಗರಿ ಕೈ ಬಿಡಿಸಿಕೊಂಡರು. ಅವತ್ತು ಅವರು ಕುರ್ಚಿ ಬಿಟ್ಟು ಎದ್ದದ್ದು ಅದೊಂದೇ ಸಲ! "ಇಂಜೆಕ್ಷನ್ನೇ ಬೇಡ, ಮಾತ್ರೆ ಬರೆದುಕೊಡ್ತೀನಿ. ವೇಯ್ಟ್ ಎಷ್ಟಿದೆ?"

ಅಯ್ಯೋ! ಈ ಜಗತ್ತಿನಲ್ಲಿ ನಮ್ಮ ಮಾವನನ್ನು ಕೇಳಬಾರದ ಪ್ರಶ್ನೆ ಯಾವುದಾದರೂ ಇದ್ದರೆ ಅದು ಇದೇ ಅಲ್ಲವೆ? ಅವರು ಎದೆ ಸೆಟೆಸಿದರು. "ನಲವತ್ತು ಕೆ.ಜಿ.ಗೆ ಒಂದ್ ಗ್ರಾಮೂ ಕಮ್ಮಿ ಇಲ್ಲ ಸಾರ್!"

"ಮಾವ, ಅಷ್ಟೆಲ್ಲಿ..." ಎನ್ನುವಷ್ಟರಲ್ಲಿ ನನ್ನ ಕಾಲು ತುಳಿದರು. ಡಾಕ್ಟರು ಬಾಲದ ಕಡೆ ಇನ್ನೊಮ್ಮೆ ನೋಡಿದ್ದರೂ ಸಾಕಿತ್ತು. ನೋಡಲಿಲ್ಲ. ನಲವತ್ತು ಕೆ.ಜಿ.ಯ ಲೆಕ್ಕಕ್ಕೇ ಚೀಟಿ ಬರೆದು, ಮತ್ತೆ ಫೋನಿನಲ್ಲಿ ನಗತೊಡಗಿದರು.

ದಿನಕ್ಕೆ ಮೂರು ಮಾತ್ರೆ. ಅದನ್ನು ಜಟ್ಟಿಯ ಹೊಟ್ಟೆಗೆ ಸೇರಿಸುವುದೇನು ಸುಲಭವೆ? ಮುದ್ದೆಯಲ್ಲಿ ಅಡಗಿಸಿಟ್ಟರೆ ಮುದ್ದೆ ನುಂಗಿ ಮಾತ್ರೆಯನ್ನು ಮಾತ್ರ ಅಂಗಳಕ್ಕೆ ಉಗಿಯುತ್ತಿದ್ದ. ಕಡೆಗೆ ಅತ್ತೆ ಮೀನಿನ ತುಂಡಿನೊಳಗೆ ತುರುಕಿ ಗೆದ್ದರು. ಮಾವನಿಗೋ ಬಿಗುಮಾನ. ಟೀ ಅಂಗಡಿಯಲ್ಲಿ ಕೂತು, "ಬೇರೆ ನಾಯ್ಗೊಳ್ಗೆ ಒಂದೇ ಮಾತ್ರೆಯಂತೆ. ನಮ್ ಜಟ್ಟಿಗೆ ಮೂರ್ ಬರ್ದವ್ರೆ!" ಎಂದು ಬೀಗಿದರು.

ಎರಡು ಮೂರು ದಿನ ಕಳೆಯುವಷ್ಟರಲ್ಲಿ ಜಟ್ಟಿಯ ಕಾಲು ತಡವರಿಸತೊಡಗಿತು. ಬಾಯಲ್ಲಿ ಜೊಲ್ಲು. ಮಾವ ಕ್ಲಿನಿಕ್ಕಿಗೆ ಫೋನು ಮಾಡಿದರೆ, "ಔಷಧಿ ಕೆಲಸ ಮಾಡ್ತಿದೆ, ಮಂಪರು ಬರುತ್ತೆ, ನಿಲ್ಲಿಸಬೇಡಿ" ಎಂದು ಹೇಳಿ ಇಟ್ಟುಬಿಟ್ಟರಂತೆ. ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಅವತ್ತೂ ಮೀನು, ಅವತ್ತೂ ಮಾತ್ರೆ. ಮಾರನೆಯ ಬೆಳಿಗ್ಗೆ ಜಟ್ಟಿ ಎದ್ದವನೇ ನೇರವಾಗಿ ಹೋಗಿ ಗೋಡೆಗೆ ಗುದ್ದಿಕೊಂಡ. ಕಣ್ಣು ಅಗಲವಾಗಿ ತೆರೆದಿತ್ತು, ಆದರೆ ಏನೂ ಕಾಣುತ್ತಿರಲಿಲ್ಲ. ಹೇಟೆ ಮೂಗಿನ ಮುಂದೆಯೇ ಹಾದುಹೋದರೂ ಅವನು ಹೆದರಲಿಲ್ಲ. ಅದನ್ನು ನೋಡಿ ಅತ್ತೆ ಅತ್ತುಬಿಟ್ಟರು.

ಫೋನು ಬಂದ ಕೂಡಲೇ ನಾನು ಹೋದೆ. ಜಟ್ಟಿಯನ್ನು ಆಟೋದಲ್ಲಿ ಹಾಕಿಕೊಂಡು ಈ ಸಲ ಸರ್ಕಾರಿ ಪಶು ಆಸ್ಪತ್ರೆಗೆ ಓಡಿದೆವು. ಜಗುಲಿಯ ತುಂಬ ಹಸು, ಆಡು, ಅವುಗಳ ಜೊತೆ ಬಂದ ರೈತರು. ಅರ್ಧ ಜನ ಮಾವನ ಕೈಯಲ್ಲಿ ದನ ಕೊಂಡವರೇ. ಅಲ್ಲಿದ್ದ ಡಾಕ್ಟರಮ್ಮ ನೆಲದ ಮೇಲೇ ಕೂತು ಜಟ್ಟಿಯ ಕಣ್ಣಿಗೆ ಟಾರ್ಚು ಬಿಟ್ಟರು. ಚೀಟಿ ಓದಿದರು.

"ಇದು ನಲವತ್ತು ಕೆ.ಜಿ. ನಾಯಿಗೆ ಬರೆದಿರೋ ಡೋಸ್. ಇವನನ್ನ ಅಲ್ಲಿ ತೂಕ ಮಾಡಿದ್ರಾ?"

"ಇಲ್ಲ ಮೇಡಮ್, ಮುಟ್ಟಿ ಕೂಡ ನೋಡಲಿಲ್ಲ" ಎಂದೆ.

"ಮತ್ತೆ ನಲವತ್ತು ಅಂತ ಯಾರು ಹೇಳಿದ್ದು?"

ಜಗುಲಿಯೆಲ್ಲ ಕಿವಿಯಾಯಿತು. ಮಾವ ಸುತ್ತಲೂ ನೋಡಿದರು. ಇಲ್ಲಿ ಬಾಯಿ ಬಿಟ್ಟರೆ ಅವರು ಇಷ್ಟು ವರ್ಷ ಹೇಳಿದ ಹಾಲು, ಹಲ್ಲು, ವಯಸ್ಸು ಎಲ್ಲದರ ಮೇಲೂ ನೀರು ಬೀಳುತ್ತಿತ್ತು. ಮುಂದಿನ ಸಂತೆಯಲ್ಲಿ ಅವರ ಟವಲ್ಲಿನ ಕೆಳಗೆ ಯಾರು ಕೈ ಇಡುತ್ತಾರೆ? ಬಾಯಿ ಬಿಡದಿದ್ದರೆ ಜಟ್ಟಿ ಉಳಿಯುವುದಿಲ್ಲ.

"ನಾನೇ ಕಣವ್ವ. ಸುಳ್ ಏಳ್ದೆ" ಎಂದರು. ಅವರ ದನಿ ನನಗೇ ಗುರುತು ಸಿಗಲಿಲ್ಲ. "ಅವ್ನು ಚಿಕ್ಕೋನು. ಆನೆನೂ ಓಡ್ಸಿಲ್ಲ, ಏನೂ ಇಲ್ಲ. ಕೋಳಿ ಕಂಡ್ರೆ ಎದುರ್ಕತಾನೆ. ಎಂಗಾದ್ರೂ ಉಳ್ಸವ್ವ."

ಯಾರೂ ನಗಲಿಲ್ಲ. ಒಬ್ಬ ರೈತ ತನ್ನ ಹಸುವನ್ನು ಹಿಂದಕ್ಕೆ ಎಳೆದುಕೊಂಡು ಮಾವನಿಗೆ ದಾರಿ ಬಿಟ್ಟ.

"ಸರಿಯಾದ ತೂಕ ಬೇಕು. ಇವನಿಗೆ ನಿಲ್ಲೋಕಾಗಲ್ಲ, ನೀವೇ ಎತ್ತಿಕೊಂಡು ನಿಲ್ಲಿ" ಎಂದರು ಡಾಕ್ಟರಮ್ಮ. ಮಾವ ಜಟ್ಟಿಯನ್ನು ಎದೆಗವಚಿಕೊಂಡು ತೂಕದ ಯಂತ್ರ ಹತ್ತಿದರು. "ಈಗ ನಾಯಿ ಅವರ ಕೈಗೆ ಕೊಟ್ಟು ನೀವೊಬ್ಬರೇ ನಿಲ್ಲಿ."

ನಾನು ಜಟ್ಟಿಯನ್ನು ಹಿಡಿದುಕೊಂಡು ಯಂತ್ರದ ಅಂಕಿ ನೋಡಿದೆ. ಯಂತ್ರ ಕೆಟ್ಟಿದೆ ಎಂದುಕೊಂಡೆ. ಇನ್ನೊಮ್ಮೆ ನೋಡಿದೆ. ಸಂತೆಯ ತುಂಬ ಕೇಳಿಸುವ ಗಂಟಲು, ಬೆನ್ನ ಮೇಲೆ ಬಿದ್ದರೆ ಉಸಿರು ಕಟ್ಟುವ ಅಂಗೈ, ಇಷ್ಟೆಲ್ಲ ಇರುವ ಮನುಷ್ಯ ಇಷ್ಟೇ ಇಷ್ಟು ತೂಕವೆ? ಡಾಕ್ಟರಮ್ಮ ಕಳೆದು ನೋಡಿ ಜಟ್ಟಿಯ ತೂಕ ಹದಿನಾಲ್ಕು ಎಂದರು.

"ಇದಕ್ಕೆ ಬೇರೆ ಮದ್ದಿಲ್ಲ. ಡ್ರಿಪ್ ಹಾಕ್ತೀನಿ, ಮೈಯಿಂದ ಇಳಿಯೋವರೆಗೂ ಕಾಯಬೇಕು" ಎಂದರು. ಕಾಯ್ದೆವು. ಮಾವ ದಿನವೂ ಬೆಳಗಿನಿಂದ ಸಂಜೆಯವರೆಗೆ ಆ ಜಗುಲಿಯಲ್ಲಿ ಜಟ್ಟಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆ ಕಡೆ ಈ ಕಡೆ ದನಗಳು ಬಂದು ಹೋದವು, ಒಂದರ ಬಗ್ಗೆಯೂ ಅವರು ಮಾತೆತ್ತಲಿಲ್ಲ. ಒಂದು ಮಧ್ಯಾಹ್ನ ಜಟ್ಟಿಯ ಕಣ್ಣು ಮಾವನ ಕೈ ಹೋದ ಕಡೆ ಹೊರಳಿತು. ಮಾವ ಕೈಯನ್ನು ಇತ್ತ ತಂದರು, ಕಣ್ಣೂ ಇತ್ತ ಬಂತು. ಅವರು ಟವಲ್ಲಿನಿಂದ ಮುಖ ಮುಚ್ಚಿಕೊಂಡರು.

ಮನೆಗೆ ಹೊರಟ ದಿನ, ಆಟೋ ಹತ್ತುವ ಮೊದಲು ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ಜಟ್ಟಿ ತೂಕ ಬೇಕಾದ್ರೆ ಊರ್‌ಗೆಲ್ಲಾ ಸಾರ್‌ಕೊಂಡ್ ಬಾ. ನಂದ್ ಮಾತ್ರ ನಿಮ್ಮತ್ತೆಗೆ ಏಳ್ಬೇಡ ಕಣ್ಲಾ."

"ಯಾಕೆ ಮಾವ?"

"ತಾನ್ ಉಣ್ಣೋದ್ ಬುಟ್ಟು ನಂಗೇ ಬಡಿಸ್ಬುಡ್ತಾಳೆ. ಅವ್ಳು ನನ್ಗಿಂತ ಅಗುರ ಅವ್ಳೆ."

ಆಗಲಿ ಎಂದು ತಲೆಯಾಡಿಸಿದೆ. ಅತ್ತೆ ಈಚೆಗೆ ಕನ್ನಡಕ ಹಾಕಿಕೊಂಡು ನಾನು ಬರೆದದ್ದನ್ನೆಲ್ಲ ಓದುತ್ತಾರೆ. ಆದ್ದರಿಂದ ಮಾವನ ತೂಕ ಎಷ್ಟು ಎಂದು ದಯವಿಟ್ಟು ಯಾರೂ ಕೇಳಬೇಡಿ.