ಬಾಬಿನ್‌ಗೆ ಹೊಲಿದ ಅಂಗಿ

ಟೇಪಣ್ಣನವರನ್ನು ನಾನು ಮೊದಲು ಕಂಡದ್ದು, ನಿವೃತ್ತಿಯ ಸಮಾರಂಭಕ್ಕೆಂದು ಕೋಟು ಹೊಲಿಸಲು ಅವರ ಅಂಗಡಿಗೆ ಹೋದ ದಿನ. ಕೊರಳಲ್ಲಿ ಹಾರದಂತೆ ಅಳತೆಯ ಟೇಪು ಇಳಿಬಿದ್ದಿತ್ತು. ಅದನ್ನು ಕೈಗೆತ್ತಿಕೊಳ್ಳುವ ಮೊದಲೇ ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಮೇಷ್ಟ್ರೇ, ನಿಮ್ಮ ಎಡಭುಜ ಅರ್ಧ ಇಂಚು ತಗ್ಗು. ಕೊಡೆ ಯಾವಾಗಲೂ ಆ ಕಂಕುಳಲ್ಲೇನಾ?" ಎಂದರು. ಆಮೇಲೆ ಟೇಪು ಹಿಡಿದರು. ಸರಿಯಾಗಿ ಅರ್ಧ ಇಂಚು! ನಾನು ಬೆಕ್ಕಸಬೆರಗಾದೆ. ಅವರಿಗೆ ಮಾತ್ರ ಅದೇನೂ ಹೊಸದಾಗಿರಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆ ಕಂದು ಬಣ್ಣದ ಒಂದು ಹೆಣ್ಣುನಾಯಿ ಮಲಗಿತ್ತು. ಬಾಲದ ತುದಿ ಬಿಳಿ. ಎಲುಬು ಎಣಿಸುವಂತಿದ್ದ ಕಾಲದಲ್ಲಿ ಬೀದಿಯಿಂದ ಬಂದದ್ದಂತೆ. ಮಲಗುವ ಮುನ್ನ ಇದ್ದಲ್ಲೇ ಗಿರಗಿರನೆ ಸುತ್ತುತ್ತಿದ್ದುದರಿಂದ, ಯಂತ್ರದಲ್ಲಿ ದಾರ ಸುತ್ತುವ ಬಾಬಿನ್ನಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ನನ್ನ ತೋಳಿನ ಅಳತೆ ಹಿಡಿಯುತ್ತಲೇ ಟೇಪಣ್ಣ ಘೋಷಿಸಿದರು: "ಒಂದು ಬಿಸ್ಕತ್ತು ಎಸೆದು ಕೈ ತೊಳ್ಕೊಳ್ಳೋರಲ್ಲ ನಾವು. ಸೂಜಿ, ಔಷಧಿ, ಆಪರೇಷನ್, ಎಲ್ಲ ಕ್ರಮವಾಗಿ ಆಗಬೇಕು. ನಾಯಿ ಸಾಕೋದು ಹೇಗೆ ಅಂತ ಈ ಬೀದಿ ನನ್ನ ನೋಡಿ ಕಲೀಬೇಕು."

ಬೀದಿ ಕಲಿಯಿತು. ಆದರೆ ಕಲಿತ ಪಾಠ ಬೇರೆ. ಮುಂದೆ ನಡೆದದ್ದನ್ನು ಗಂಡಹೆಂಡಿರಿಬ್ಬರೂ ಒಬ್ಬರ ಮಾತನ್ನೊಬ್ಬರು ತಿದ್ದುತ್ತಾ ನನಗೆ ಎಷ್ಟೋ ಸಲ ಹೇಳಿದ್ದಾರೆ. ಎರಡೂ ಕಡೆಯ ವಾದವನ್ನು ಕೂಡಿಸಿ, ಕಳೆದು, ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಟೇಪಣ್ಣನವರದು ಒಂದು ಕಟ್ಟಪ್ಪಣೆಯಿತ್ತು: ಅವರು ಬಟ್ಟೆಯ ಮುಂದೆ ಇರುವಷ್ಟು ಹೊತ್ತು ಬೆನ್ನ ಹಿಂದೆ ಯಾರೂ ಸುಳಿಯಬಾರದು. ಕತ್ತರಿ ಜಾರಿದರೆ ಹೊಣೆ ಯಾರು? ಹೆಂಡತಿ ಹಿಂದಿನ ಪಡಸಾಲೆಯಲ್ಲಿ ಕೂತು ಗುಂಡಿಗೆ ಕಾಜ ಹಾಕುತ್ತಿದ್ದರು, ಅಂಚು ಹೊಲಿಯುತ್ತಿದ್ದರು. ಬಟ್ಟೆಗಳು ಪರದೆಯ ಕೆಳಗಿನಿಂದ ಹೋಗಿ ಬರುತ್ತಿದ್ದವು, ಮಾತು ಪರದೆಯ ಮೇಲಿನಿಂದ. ಹೀಗಾಗಿ ಬೆಳಿಗ್ಗೆ ಮುಂಬಾಗಿಲಿಗೆ ಬಂದ ಬಾಬಿನ್‌ಗೆ ಹಾಲು ಬ್ರೆಡ್ಡು ಇಡುವವರು ಟೇಪಣ್ಣ. ಸಂಜೆ ಹಿಂಬಾಗಿಲಿಗೆ ಬಂದ ಬಾಬಿನ್‌ಗೆ ಅನ್ನ ಕಲಸಿ ಹಾಕುವವರು ಅವರಾಕೆ. ಎಷ್ಟು ಚೊಕ್ಕವಾದ ಏರ್ಪಾಡು!

ನಾಯಿಯ ಸ್ವಭಾವ ಮಾತ್ರ ಸ್ವಲ್ಪ ವಿಚಿತ್ರವಾಗಿತ್ತು. ಬೆಳಿಗ್ಗೆ ಕೈ ಚಾಚಿದರೆ ಪಂಜ ಕೊಡುತ್ತಿತ್ತು. ಸಂಜೆ ಚಾಚಿದ ಕೈಯನ್ನು, ಇದೇಕೆ ಖಾಲಿ ಇದೆ ಎಂಬಂತೆ ಮೂಸುತ್ತಿತ್ತು. ಬೆಳಿಗ್ಗೆ ಹೆಸರು ಕರೆದರೆ ಓಡಿ ಬರುತ್ತಿತ್ತು. ಸಂಜೆ ಕಿವಿಯೂ ಅಲುಗುತ್ತಿರಲಿಲ್ಲ. ಹೆಂಡತಿ ಇದನ್ನು ಹೇಳಿದಾಗ ಟೇಪಣ್ಣ, ಸಂಜೆ ಹೊತ್ತಿಗೆ ಯಾರಿಗೆ ತಾನೇ ದಣಿವಾಗುವುದಿಲ್ಲ, ನಿನ್ನನ್ನು ಕರೆದರೆ ನೀನು ಓಗೊಡುತ್ತೀಯಾ ಎಂದು ಕೇಳಿದರು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಬಾಬಿನ್‌ಗೆ ಲಸಿಕೆ ಹಾಕಿದರು. ಹೊಟ್ಟೆಹುಳದ ಮಾತ್ರೆಯನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡಿ ಎಂದರು. ಬೆಳಗಿನ ಅರ್ಧವನ್ನು ಗಂಡ ಕೊಟ್ಟರು, ಸಂಜೆಯ ಅರ್ಧವನ್ನು ಹೆಂಡತಿ ಕೊಟ್ಟರು. ಸ್ವಲ್ಪ ಮೈ ಹಿಡಿದ ಮೇಲೆ ಮರಿಯಾಗದಂತೆ ಆಪರೇಷನ್ ಮಾಡೋಣ, ಆಮೇಲೆ ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ ಬಾಯಗಲದ ಪ್ಲಾಸ್ಟಿಕ್ ಕೊಳವೆ ಹಾಕಬೇಕು ಎಂದು ಡಾಕ್ಟರಮ್ಮ ಹೇಳಿದಾಗ ಟೇಪಣ್ಣನವರಿಗೆ ಅವಮಾನವಾಯಿತು. ದರ್ಜಿಯ ಮನೆಯ ನಾಯಿ ಕೊರಳಿಗೆ ಬಕೆಟ್ಟು ಸಿಕ್ಕಿಸಿಕೊಂಡು ಬೀದಿಯಲ್ಲಿ ನಡೆಯಬೇಕೆ? ಹೊಟ್ಟೆ ಮುಚ್ಚುವಂಥ ಅಂಗಿಯನ್ನು ತಾನೇ ಹೊಲಿಯುವುದಾಗಿ ಮಾತು ಕೊಟ್ಟು ಬಂದರು.

ಅನಾಹುತ ಶುರುವಾದದ್ದು ಈ ಅಂಗಿಯಿಂದ.

ಬೆಳಿಗ್ಗೆ ಬಾಬಿನ್ನಿನ ಹೊಟ್ಟೆಯ ಸುತ್ತಳತೆ ತೆಗೆದರು. ಇಪ್ಪತ್ತೆರಡು ಇಂಚು. ಮೆತ್ತನೆಯ ಬಟ್ಟೆ, ಬೆನ್ನ ಮೇಲೆ ಗುಂಡಿ, ಬಾಲಕ್ಕೆ ಅಂದವಾದ ಕಿಂಡಿ. ಸಂಜೆ ತೊಡಿಸಿ ನೋಡೆಂದು ಪರದೆಯ ಕೆಳಗೆ ತಳ್ಳಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಉತ್ತರ ಬಂತು.

"ರೀ, ಗುಂಡಿ ಹಾಕೋಕಾಗ್ತಿಲ್ಲ. ಬಿಗಿ."

"ನಾನು ಹೊಲಿದದ್ದು ಬಿಗಿಯಾ?"

"ನೀವು ಹೊಲಿದದ್ದೇ. ಬೇರೆ ಯಾರು ನಾಯಿಗೆ ಅಂಗಿ ಹೊಲೀತಾರೆ?"

ಮರುದಿನ ಬೆಳಿಗ್ಗೆ ತಾವೇ ತೊಡಿಸಿದರು. ಅಚ್ಚು ಹೊಯ್ದಂತೆ ಕೂತಿತು! ಸಂಜೆ ಮತ್ತೆ ಬಿಗಿ. ಹಗಲೆಲ್ಲ ಸಿಕ್ಕಿದ್ದು ತಿಂದು ಉಬ್ಬುತ್ತಿರಬೇಕೆಂದು ಬೆಳಗಿನ ಬ್ರೆಡ್ಡನ್ನು ಅರ್ಧಕ್ಕೆ ಇಳಿಸಿದರು. ಬಾಬಿನ್ ಖಾಲಿ ತಟ್ಟೆಯನ್ನೂ ಅವರ ಮುಖವನ್ನೂ ಸರದಿಯಂತೆ ನೋಡಿ ನಿಟ್ಟುಸಿರಿಟ್ಟಿತು. ಸಂಜೆ ಇನ್ನೂ ಬಿಗಿ. ಎರಡು ಇಂಚು ಸಡಿಲಿಸಿದರು. ಬೆಳಿಗ್ಗೆ ಅದು ಬಾಬಿನ್ ಮೇಲೆ ಗೋಣಿಚೀಲದಂತೆ ಜೋತುಬಿತ್ತು. ಅದೇ ಗೋಣಿಚೀಲ ಒಂದು ವಾರ ಕಳೆಯುವುದರಲ್ಲಿ ಸಂಜೆಯ ಹೊತ್ತು ಮತ್ತೆ ಬಿಗಿಯಾಯಿತು. ಬಿಚ್ಚುವುದು, ಹೊಲಿಯುವುದು, ಮತ್ತೆ ಬಿಚ್ಚುವುದು. ರಾಜಮಹಾರಾಜರ ಪಟ್ಟಾಭಿಷೇಕದ ಉಡುಪಿಗೂ ಇಷ್ಟು ಸಲ ಕತ್ತರಿ ಬಿದ್ದಿರಲಾರದು.

ಬೇರೆ ಯಾರಾದರೂ ಆಗಿದ್ದರೆ ನಾಯಿಯ ಮೇಲೆ ಅನುಮಾನಪಡುತ್ತಿದ್ದರು. ಟೇಪಣ್ಣ ಟೇಪಿನ ಮೇಲೆ ಅನುಮಾನಪಟ್ಟರು. ಹಳೆಯ ಟೇಪು ಎಳೆದಾಡಿ ಉದ್ದವಾಗಿದೆಯೇನೋ ಎಂದು ಹೊಸತನ್ನು ತಂದರು. ಎರಡೂ ಒಂದೇ ಲೆಕ್ಕ ಹೇಳಿದವು. ಕನ್ನಡಕದವರ ಬಳಿ ಹೋದರು. ಕಣ್ಣು ಚೆನ್ನಾಗಿದೆ ಎಂದರು. ಟೇಪೂ ಸರಿ, ಕಣ್ಣೂ ಸರಿ ಎಂದ ಮೇಲೆ ಉಳಿದದ್ದು ಒಂದೇ. ಕೈ.

ಈ ಯೋಚನೆ ತಲೆಗೆ ಹೊಕ್ಕಿದ್ದೇ ತಡ, ಅವರ ಧೈರ್ಯ ಉಡುಗಿಹೋಯಿತು. ಕಣ್ಣಳತೆಯಲ್ಲೇ ಷರಾಯಿ ಕತ್ತರಿಸುತ್ತಿದ್ದವರು ಗಿರಾಕಿಯನ್ನು ನಿಲ್ಲಿಸಿಕೊಂಡು ಮತ್ತೆ ಮತ್ತೆ ಅಳೆಯತೊಡಗಿದರು. ಹಳೆಯ ಗಿರಾಕಿಯೊಬ್ಬರು, ಹೊಲಿಯುವುದು ಅಂಗಿಯೋ ಶಾಮಿಯಾನವೋ ಎಂದು ಕೇಳಿಯೇ ಬಿಟ್ಟರು. ಒಬ್ಬ ಮದುಮಗನ ಸೂಟಿನ ಬಟ್ಟೆ ಮೇಜಿನ ಮೇಲೆ ಹಾಸಿದಂತೆಯೇ ಬಿದ್ದಿತ್ತು. ಸೀಮೆಸುಣ್ಣ ಹಿಡಿದು ಗೆರೆ ಎಳೆಯಲು ಹೋಗುವರು. ಬೆರಳು ಬಟ್ಟೆಗೆ ತಾಗುವ ಮುನ್ನ ಹಿಂದೆ ಬರುವುದು. ಪರದೆಯ ಆಚೆ ಹೆಂಡತಿ, ಕತ್ತರಿಯ ಸದ್ದಿನಿಂದಲೇ ಗಂಡನ ಮನಸ್ಸು ತಿಳಿಯುವವರು, ಆ ಮೌನವನ್ನು ಕೇಳುತ್ತಾ ಕೂತಿದ್ದರು. ಕೊನೆಗೆ ಟೇಪಣ್ಣ, ಬಟ್ಟೆ ಹಾಳುಮಾಡುವುದಕ್ಕಿಂತ ಅಂಗಡಿಯನ್ನೇ ಭಾವಮೈದನಿಗೆ ಒಪ್ಪಿಸುವುದು ಮೇಲೆಂದು ತೀರ್ಮಾನಿಸಿ, ಆತನಿಗೆ ಹೇಳಿಕಳಿಸಿದರು. ಬಾಬಿನ್ನಿನ ಆಪರೇಷನ್ ಒಂದು ಮುಗಿಯಲಿ, ಅದು ಕೊಟ್ಟ ಮಾತು. ಆಮೇಲೆ ಕತ್ತರಿ ಕೆಳಗಿಡುವುದು.

ಆಪರೇಷನ್ನಿನ ದಿನ ಬೆಳಿಗ್ಗೆ ಬಾಬಿನ್ನನ್ನೂ ಅದರ ಅಂಗಿಯನ್ನೂ ಆಸ್ಪತ್ರೆಯಲ್ಲಿ ಬಿಟ್ಟು ಬಂದರು. ಮಧ್ಯಾಹ್ನ ಆಪರೇಷನ್ ಸುಸೂತ್ರವಾಗಿ ಆಯಿತೆಂದು ಡಾಕ್ಟರಮ್ಮನ ಫೋನು ಬಂತು. ಸಂಜೆ ಇನ್ನೂ ಬೆಳಕಿತ್ತು. ಹಿಂದಿನಿಂದ ಹೆಂಡತಿ ಕೂಗಿದರು. ಕಟ್ಟಪ್ಪಣೆ ಮುರಿದು, ಪರದೆ ಸರಿಸಿ, ಅಂಗಡಿಯೊಳಕ್ಕೇ ಬಂದರು.

"ಎದ್ದು ಬನ್ನಿ. ಬಾಬಿನ್ ತಪ್ಪಿಸ್ಕೊಂಡು ಬಂದಿದೆ. ಅನ್ನ ತಿಂತಾ ಇದೆ."

ಟೇಪಣ್ಣ ಹೋಗಿ ನೋಡಿದರು. ಕಂದು ಬಣ್ಣ, ಬಿಳಿ ಬಾಲದ ತುದಿ, ಗಡದ್ದಾಗಿ ಊಟ. ಮೆಲ್ಲನೆ ಹೊರಳಿಸಿ ಹೊಟ್ಟೆ ನೋಡಿದರು. ಗಾಯವಿಲ್ಲ, ಹೊಲಿಗೆಯ ಗುರುತೂ ಇಲ್ಲ. ಮೊದಲು ಡಾಕ್ಟರಮ್ಮನ ಹೊಲಿಗೆಯ ನಾಜೂಕಿಗೆ ಬೆರಗಾದರು. ಮರುಗಳಿಗೆಯಲ್ಲಿ ಹೆಂಡತಿಯತ್ತ ತಿರುಗಿದರು.

"ಇವಳೇ, ಇದು ನಮ್ಮ ಬಾಬಿನ್ ಆದರೆ, ನಾನು ಬೆಳಿಗ್ಗೆ ಬಿಟ್ಟು ಬಂದದ್ದು ಯಾರ ನಾಯಿ?"

ಕೈಯ ಹಿಂದೆಯೇ ಟೇಪಣ್ಣನವರ ಕಣ್ಣೂ ಕೈಕೊಟ್ಟಿತು ಎಂದರೆ, ಪರರ ಮನೆಯ ಮುದ್ದಿನ ನಾಯಿಯನ್ನು ಹಿಡಿದು ಹೊಟ್ಟೆ ಕೊಯ್ಯಿಸಿಬಿಟ್ಟ ಹಾಗಾಯಿತು! ಆಟೋ ಹಿಡಿದು, ಬಾಬಿನ್ನನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಧಾವಿಸಿದರು. ದಾರಿಯುದ್ದಕ್ಕೂ ಟೇಪಣ್ಣ ಆ ಅಜ್ಞಾತ ಯಜಮಾನನಿಗೆ ಹೇಳಬೇಕಾದ ಕ್ಷಮಾಪಣೆಯನ್ನು ಗುನುಗುತ್ತಲೇ ಇದ್ದರು.

ಡಾಕ್ಟರಮ್ಮ, ಬಾಬಿನ್ ಒಳಗೆ ಮಲಗಿದೆ, ಗಾಬರಿ ಬೇಡ ಎಂದರು. ಟೇಪಣ್ಣ, ಬಾಬಿನ್ ಇಲ್ಲಿದೆ, ಒಳಗಿರುವುದರ ಯಜಮಾನರನ್ನು ಕರೆಸಿ ಎಂದರು. ಯಜಮಾನರು ನೀವೇ ಎಂದರು ಅವರು. ಅಲ್ಲ ಎಂದರು ಇವರು. ಹೀಗೆ ಒಂದಷ್ಟು ಹೊತ್ತು ಇಬ್ಬರೂ ಸತ್ಯವನ್ನೇ ಹೇಳಿಕೊಂಡು ಜಗಳವಾಡಿದರು. ಕೊನೆಗೆ ಹೆಂಡತಿ ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು, "ಬಾಬಿನ್" ಎಂದು ಕರೆದರು. ಮತ್ತಿನಲ್ಲಿ ಮಲಗಿದ್ದ ನಾಯಿಯ ಬಿಳಿ ಬಾಲದ ತುದಿ ಎರಡು ಸಲ ನೆಲಕ್ಕೆ ಬಡಿಯಿತು. ಟೇಪಣ್ಣನವರ ತೋಳಿನಲ್ಲಿದ್ದದ್ದು ಆಕಳಿಸಿತು.

ಗಂಡಹೆಂಡಿರು ಒಬ್ಬರ ಮುಖವನ್ನೊಬ್ಬರು ನೋಡಿದರು. ಎರಡು!

ಟೇಪಣ್ಣ ಕೊರಳಿನ ಟೇಪು ಸೆಳೆದು, ಕಟ್ಟು ಬಿದ್ದಿದ್ದ ಬಾಬಿನ್ನಿನ ಹೊಟ್ಟೆಯ ಮೇಲೆ ಹಗುರಾಗಿ ಸುತ್ತಿದರು. ಇಪ್ಪತ್ತೆರಡು. ಇನ್ನೊಂದಕ್ಕೆ ಸುತ್ತಿದರು. ಇಪ್ಪತ್ತಾರು. ಅವರ ಕಣ್ಣು ತುಂಬಿ ಬಂತು.

"ನನ್ನ ಕೈ ತಪ್ಪಿಲ್ಲ ಕಣೇ. ಒಂದು ದಿನಾನೂ ತಪ್ಪಿಲ್ಲ."

ಡಾಕ್ಟರಮ್ಮ ಅಷ್ಟರಲ್ಲಿ ಆ ಇಪ್ಪತ್ತಾರು ಇಂಚಿನ ಮೇಲೆ ಕೈಯಾಡಿಸಿ, ಇವು ಬಹುಶಃ ಅಕ್ಕತಂಗಿಯರೇ ಇರಬೇಕು, ಇದರ ಹೊಟ್ಟೆಯಲ್ಲಿ ಮರಿಗಳಿವೆ, ಹೆಚ್ಚು ದಿನವೂ ಉಳಿದಿಲ್ಲ ಎಂದರು. ಹೆಂಡತಿ ಗಂಡನತ್ತ ತಿರುಗಿದರು.

"ಕೈ ತಪ್ಪಿಲ್ಲ, ಸರಿ. ವಾರವಾರಕ್ಕೂ ಹೊಟ್ಟೆ ಹತ್ರ ಬಿಗಿಯಾಗ್ತಾ ಬಂದರೆ ಏನರ್ಥ ಅಂತ ಇಷ್ಟು ವರ್ಷ ಹೆಂಗಸರ ಬಟ್ಟೆ ಹೊಲಿದವರಿಗೆ ಹೊಳೀಲಿಲ್ವಾ?"

"ತೊಡಿಸಿದವಳು ನೀನು. ನಿನಗೆ ಹೊಳೀತಾ?"

"ನನಗೆ ನಿಮ್ಮ ಅಳತೆ ಮೇಲೆ ನಂಬಿಕೆ ಇರಲಿಲ್ಲ," ಎಂದರು ಹೆಂಡತಿ.

ಆಮೇಲೆ ಡಾಕ್ಟರಮ್ಮನ ಸರದಿ. ಒಂದಕ್ಕೆ ಲಸಿಕೆ ಆಗಿದೆ, ಇನ್ನೊಂದಕ್ಕೆ ಸೂಜಿಯ ಮೊನೆಯೂ ತಾಗಿಲ್ಲ. ಅಂಥದರ ಬಾಯಿಗೆ ಕೈ ಹಾಕಿ ಮಾತ್ರೆ ನುಂಗಿಸಿದ್ದಾರೆ. ಮಾತ್ರೆಯಾದರೂ ಎರಡಕ್ಕೂ ಅರ್ಧರ್ಧ, ಅಂದರೆ ಎರಡರ ಹುಳಗಳೂ ಅರ್ಧ ಸತ್ತು ಅರ್ಧ ನಗುತ್ತಿವೆ. ಮೇಲಾಗಿ ಬಸುರಿ ತಿಂದದ್ದಕ್ಕೆ ಬಡಪಾಯಿ ಬಾಬಿನ್ನಿನ ಊಟ ಕಡಿತ! ಬೀದಿಗೆಲ್ಲ ಪಾಠ ಹೇಳಲು ಹೊರಟವರು ತಲೆ ತಗ್ಗಿಸಿಕೊಂಡು ಕೇಳಿದರು. ಬೈಗುಳದ ಕೊನೆಯಲ್ಲಿ ಡಾಕ್ಟರಮ್ಮ ಅಂಗಿಯನ್ನು ಬಾಬಿನ್‌ಗೆ ತೊಡಿಸಿ ನೋಡಿದರು. ಎಷ್ಟೋ ಸಲ ಬಿಚ್ಚಿ ಹೊಲಿದಿದ್ದ ಆ ಅಂಗಿ ಅಂದು ಯಾರಿಗೂ ಸರಿಹೊಂದಲಿಲ್ಲ. ಬಾಬಿನ್ ಪ್ಲಾಸ್ಟಿಕ್ ಕೊಳವೆ ಹಾಕಿಕೊಂಡೇ ಮನೆಗೆ ಬಂತು.

ಅಷ್ಟು ಹೊತ್ತಿಗೆ ಭಾವಮೈದ ಅಂಗಡಿ ವಹಿಸಿಕೊಳ್ಳಲು ಬಂದು ಕೂತಿದ್ದ. ಟೇಪಣ್ಣ ಅವನ ಕೈಗೆ ಗರ್ಭಿಣಿಯನ್ನು ಕೊಟ್ಟು, ನೇರ ಮೇಜಿನ ಬಳಿ ಹೋಗಿ, ಮದುಮಗನ ಬಟ್ಟೆಯ ಮೇಲೆ ಒಂದೇ ಎಳೆತಕ್ಕೆ ಗೆರೆ ಎಳೆದರು. ಕತ್ತರಿಯ ಸದ್ದು ಕೇಳಿಸಿದ ಮೇಲೆಯೇ ಹೆಂಡತಿ ಒಲೆ ಹೊತ್ತಿಸಿದ್ದು.

ಎರಡನೆಯ ನಾಯಿಗೆ ಗುಂಡಿ ಎಂದು ಹೆಸರಾಯಿತು. ಅದು ಹಿಂದಿನ ಪಡಸಾಲೆಯಲ್ಲಿ ಐದು ಮರಿ ಹಾಕಿತು. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೂ ಲಸಿಕೆ, ಇಡೀ ಮಾತ್ರೆ, ಆಪರೇಷನ್, ಎಲ್ಲ ಕ್ರಮವಾಗಿ ನಡೆದವು. ನಡುವಿನ ಪರದೆಯನ್ನು ಕಿತ್ತು ಮರಿಗಳಿಗೆ ಹಾಸಿದ್ದಾರೆ.

ಈಗ ಟೇಪಣ್ಣ ಬೆಳಗಿನ ಹೊತ್ತು ಹೊಲಿಯುತ್ತಾರೆ. ಸಂಜೆ ಮರಿ ಕೇಳಿಕೊಂಡು ಬರುವವರನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಪರೀಕ್ಷೆ ಮಾಡುತ್ತಾರೆ. ಪ್ರಶ್ನೆಗಳು ನಾನು ಶಾಲೆಯಲ್ಲಿ ಕೇಳುತ್ತಿದ್ದವುಗಳಿಗಿಂತ ಕಠಿಣ. ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ಲಸಿಕೆ ಯಾವಾಗ ಹಾಕಿಸುತ್ತೀರಿ? ಮುದಿಯಾದ ಮೇಲೂ ಇಟ್ಟುಕೊಳ್ಳುತ್ತೀರಾ? ಮೂರು ಮರಿಗಳ ಪೋಷಕರು ತೇರ್ಗಡೆಯಾಗಿದ್ದಾರೆ. ಮೊನ್ನೆ ನಾನು ಕೋಟಿಗೆ ಗುಂಡಿ ಹಾಕಿಸಿಕೊಳ್ಳಲು ಹೋಗಿದ್ದಾಗ, ಮಕ್ಕಳಿಗೆ ಆಟಕ್ಕೊಂದು ಮರಿ ಬೇಕೆಂದು ಬಂದ ದೊಡ್ಡ ಮನುಷ್ಯರೊಬ್ಬರು ಪ್ರಶ್ನೆಗಳ ನಡುವೆಯೇ ಸಿಡುಕಿದರು.

"ಅಲ್ಲ ಸ್ವಾಮಿ, ಇಷ್ಟೆಲ್ಲ ಕೇಳೋಕೆ ನೀವು ಎಷ್ಟು ನಾಯಿ ಸಾಕಿದ್ದೀರಿ?"

"ಎರಡು," ಎಂದರು ಟೇಪಣ್ಣ, ಸೂಜಿಗೆ ದಾರ ಪೋಣಿಸುತ್ತಾ. "ಅದರಲ್ಲಿ ಒಂದನ್ನ ಸಾಕ್ತಾ ಇದ್ದೀನಿ ಅಂತ ನನಗೇ ಗೊತ್ತಿರಲಿಲ್ಲ."