ಕಾಂಬೋಡಿಯಾ ಊಟದ ಮೇಜಿನಲ್ಲಿ ಇಬ್ಬರು ಅಜ್ಜಿಯರು

ಈ ದೇಶದಲ್ಲಿ ಕೂದಲು ಬೆಳ್ಳಗಾದರೂ ಊಟದ ಮೇಜಿನ ಮುಂದೆ ಬೆಚ್ಚಿಬೀಳುವುದು ಮಾತ್ರ ನನಗೆ ತಪ್ಪಿಲ್ಲ. ಬೇರೆಯವರಿಗೆ ಗಂಡಾಂತರ ರಸ್ತೆಯಲ್ಲಿ ಬಂದರೆ ನನಗೆ ತಟ್ಟೆಯಲ್ಲಿ ಬರುತ್ತದೆ. ಒಂದೊಂದಾಗಿ ಬಂದರೆ ಹೇಗೋ ತಡೆದುಕೊಳ್ಳಬಹುದು. ಮೊನ್ನೆ ಶಿಕಾಗೋದ ಒಂದು ಕಾಂಬೋಡಿಯಾ ಹೋಟೆಲಿನಲ್ಲಿ ಒಂದೇ ಊಟಕ್ಕೆ ಎಲ್ಲವೂ ಸಾಲುಗಟ್ಟಿ ಬಂದವು.

ನನ್ನ ಮೊಮ್ಮಗಳು ಶಿಕಾಗೋ ಪಕ್ಕದ ಓಕ್ ಬ್ರೂಕ್‌ನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲೇ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಮನೆ ಮಾಡಿಕೊಂಡಿದ್ದಾಳೆ. ಅವಳಿಗೊಬ್ಬ ಸ್ನೇಹಿತ. ಹುಟ್ಟಿದ್ದು ಇಲ್ಲೇ, ಮನೆಯವರು ಕಾಂಬೋಡಿಯಾದವರು. ಅವನನ್ನು ಸಾಕಿ ಬೆಳೆಸಿದ್ದು ಅವನ ಅಜ್ಜಿ. ಆಕೆ ಬೇಡ ಎಂದರೆ ಆ ಮನೆಯಲ್ಲಿ ಒಂದು ಕುರ್ಚಿಯೂ ಜಾಗ ಬದಲಾಯಿಸುವುದಿಲ್ಲವಂತೆ. ಆಕೆ ನಮ್ಮನ್ನು ನೋಡಬೇಕು ಅಂದಿದ್ದರು. ಹಾಗಾಗಿ ನಾನು, ಅವಳ ಅಮ್ಮನಾದ ನನ್ನ ಮಗಳು, ನಾಲ್ಕೈದು ಗಂಟೆ ದಾರಿಯ ನಾರ್ತ್‌ವಿಲ್‌ನಿಂದ ಬೆಳಿಗ್ಗೆಯೇ ಹೊರಟೆವು.

ಹೋಟೆಲಿನ ಬಾಗಿಲಲ್ಲೇ ಮೊಮ್ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅಜ್ಜಿ, ಪ್ಲೀಸ್, ಮದುವೆ ಅನ್ನೋ ಟಾಪಿಕ್ಕೇ ಬೇಡ. ಅವನ ಅಜ್ಜಿಗೆ ಆತುರ ಇಷ್ಟ ಇಲ್ಲ. ಇವತ್ತು ಬರೀ ಪರಿಚಯ. ನಾವು ಪುಷ್ ಮಾಡಿದ್ವಿ ಅಂತ ಅವರಿಗೆ ಅನ್ನಿಸಿದ್ರೆ ಮುಗೀತು. ಜಸ್ಟ್ ಈಟ್, ಓಕೆ?"

"ನಾನೇನು ಮಗುವಾ?" ಅಂದೆ.

ಮಗಳು ಆಕಾಶ ನೋಡಿದಳು.

ಮೊದಲ ತುತ್ತು

ನಾವು ಸಸ್ಯಾಹಾರಿಗಳೆಂದು ಹುಡುಗ ಎಲ್ಲವನ್ನೂ ಹಾಗೇ ಮಾಡಿಸಿದ್ದ. ಮೇಜಿನ ಮಧ್ಯೆ ಬಾಳೆಲೆಯ ದೊನ್ನೆಯಲ್ಲಿ ತೆಂಗಿನಹಾಲು ಹಾಕಿ ಬೇಯಿಸಿದ ತೋಫು ಅಣಬೆ, ಬೆಳ್ಳುಳ್ಳಿ ಹಾಕಿದ ಸೊಪ್ಪಿನ ಪಲ್ಯ, ಹುಣಸೆಹುಳಿಯ ಸಾರಿನಂಥದ್ದು, ಒಂದು ದೊಡ್ಡ ಬೋಗುಣಿ ತುಂಬ ಅನ್ನ. ಬಾಳೆಲೆ ನೋಡಿ ನನಗೆ ಅರ್ಧ ಜೀವ ಬಂತು.

ಆದರೆ ಯಾರೂ ಊಟ ಶುರು ಮಾಡಲಿಲ್ಲ. ನಮ್ಮ ಮನೆಯಲ್ಲಿ ನಾನು ಎಲ್ಲರದೂ ಆದಮೇಲೆ ತಟ್ಟೆಗೆ ಕೈ ಹಾಕುವವಳು. ಅದಕ್ಕೇ ನಗುತ್ತ ಕಾದೆ. ಎದುರಿಗೆ ಹುಡುಗನ ಅಜ್ಜಿಯೂ ನಗುತ್ತ ಕಾದರು. ಪುಟ್ಟ ಹೆಂಗಸು, ನೆಟ್ಟಗೆ ಕೂತಿದ್ದರು. ಸಾರಿನ ಹಬೆ ಸಣ್ಣದಾಗುತ್ತ ಬಂತು.

ಆಕೆ ತಮ್ಮ ಭಾಷೆಯಲ್ಲಿ ಮೊಮ್ಮಗನಿಗೆ ಏನೋ ಹೇಳಿದರು. ಅವನು ಕೆಂಪಗಾಗಿ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ. "ಅಜ್ಜಿ, ನಿಮ್ಮ ವಯಸ್ಸು ಕೇಳ್ತಿದ್ದಾರೆ."

ಇಷ್ಟು ವರ್ಷದಲ್ಲಿ ಡಾಕ್ಟರ್ ಬಿಟ್ಟರೆ ಈ ದೇಶದಲ್ಲಿ ಯಾರೂ ನನ್ನ ವಯಸ್ಸು ಕೇಳಿದ್ದಿಲ್ಲ.

"ಯಾರು ಹಿರಿಯರೋ ಅವರು ಮೊದಲ ತುತ್ತು ತಿನ್ನಬೇಕು. ಅದಕ್ಕೇ," ಅಂದ ಪಾಪ.

"ನಿಜವಾದ ವಯಸ್ಸೋ, ಪಾಸ್‌ಪೋರ್ಟಿನ ವಯಸ್ಸೋ?" ಎಂದು ಕೇಳಿದೆ. ನಮ್ಮ ಕಾಲದಲ್ಲಿ ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ಟರಿಗೆ ತೋಚಿದ್ದೇ ಹುಟ್ಟಿದ ತಾರೀಖು.

ಮಗಳು ನನ್ನ ಕಡೆ ತಿರುಗಿ, "ಅಮ್ಮ, ನಿನಗೆ ಎರಡು ವಯಸ್ಸಿದೆಯಾ?" ಅಂದಳು. ಅವಳಿಗೆ ಅದೇ ಮೊದಲು ಗೊತ್ತಾದದ್ದು.

ಹುಡುಗ ಇದನ್ನು ತರ್ಜುಮೆ ಮಾಡಿದಾಗ ಅವನ ಅಜ್ಜಿ ಮೇಜು ತಟ್ಟಿ ನಕ್ಕರು. ಅವರದ್ದೂ ಅಷ್ಟೇ. ಯುದ್ಧದಲ್ಲಿ ಊರು ಬಿಟ್ಟು ಬಂದಾಗ ನಿರಾಶ್ರಿತರ ಶಿಬಿರದ ಅಧಿಕಾರಿ ಮುಖ ನೋಡಿ ಅಂದಾಜಿಗೆ ಬರೆದುಕೊಂಡದ್ದಂತೆ. ಪಾಸ್‌ಪೋರ್ಟ್ ನೋಡಿದರೆ ಆಕೆ ಅಕ್ಕ, ನಿಜ ನೋಡಿದರೆ ನಾನು ಅಕ್ಕ ಇರಬಹುದು, ಅಧಿಕಾರಿಯ ಕಣ್ಣು ಮಂಜಾಗಿದ್ದರೆ ಮತ್ತೆ ಆಕೆಯೇ.

ಕಡೆಗೆ ಮೊಮ್ಮಗಳು ಓಟದ ಪಂದ್ಯಕ್ಕೆ ಹೇಳುವಂತೆ "ರೆಡಿ, ಗೋ" ಅಂದಳು. ಇಬ್ಬರು ಮುದುಕಿಯರು ಒಟ್ಟಿಗೆ ಬಾಯಿ ತೆರೆದೆವು.

ಅವರ ಚಮಚ, ನನ್ನ ಕೈ

ಅನ್ನ ಬಾಯಿಗೆ ಹೋಗುತ್ತಿದ್ದಂತೆ ಎರಡನೆಯ ಗಂಡಾಂತರ. ಆಕೆ ತಾವು ತಿನ್ನುತ್ತಿದ್ದ ಚಮಚದಿಂದಲೇ ದೊನ್ನೆಯೊಳಗಿನ ಒಳ್ಳೇ ತುಂಡೊಂದನ್ನು ಆರಿಸಿ ನನ್ನ ತಟ್ಟೆಗೆ ಹಾಕಿದರು. ಅದೇ ಚಮಚ ಮತ್ತೆ ಅವರ ಬಾಯಿಗೆ, ಅಲ್ಲಿಂದ ಪಲ್ಯಕ್ಕೆ, ಪಲ್ಯದಿಂದ ನನ್ನ ತಟ್ಟೆಗೆ.

ಎಂಜಲಿನ ವಿಷಯದಲ್ಲಿ ನಾನು ಎಂಥವಳೆಂದು ನನ್ನ ಮಗಳಿಗೆ ಗೊತ್ತು. ಒಂದೇ ಲೋಟದಲ್ಲಿ ನೀರು ಕುಡಿದರು ಅಂತ ಬೀಗರ ಎದುರಿಗೇ ನೆಂಟರನ್ನು ಬೈದವಳು ನಾನು. ಮಗಳು ಉಸಿರು ಹಿಡಿದುಕೊಂಡು ಕೂತಳು. ಮೊಮ್ಮಗಳು ನನ್ನ ಮೊಣಕಾಲು ಹಿಂಡಿದಳು. "ಇಟ್ಸ್ ರೆಸ್ಪೆಕ್ಟ್, ಅಜ್ಜಿ. ಬೆಸ್ಟ್ ಪೀಸ್ ಹಿರಿಯರಿಗೆ ಹಾಕೋದು."

ಮೊಮ್ಮಗಳ ಮುಖ ನೋಡಿದೆ. ಆ ತುಂಡು ನೋಡಿದೆ. ದೇವರನ್ನು ನೆನೆದು ನುಂಗಿದೆ. ರುಚಿಯಾಗಿತ್ತು, ಅದು ಇನ್ನೊಂದು ಆಘಾತ.

ಮರ್ಯಾದೆಗೆ ಮರ್ಯಾದೆ ಕೊಡಬೇಕಲ್ಲ. ನಾನೂ ಅನ್ನಕ್ಕೆ ಸಾರು ಹಾಕಿ, ಕೈಯಲ್ಲಿ ಚೆನ್ನಾಗಿ ಕಲಸಿ, ಉಂಡೆ ಕಟ್ಟಿ ಆಕೆಯ ತಟ್ಟೆಗೆ ಇಟ್ಟೆ. ನಮ್ಮಲ್ಲಿ ಕೈತುತ್ತಿಗಿಂತ ದೊಡ್ಡದು ಇನ್ನೇನಿದೆ?

ಈಗ ಉಸಿರು ಹಿಡಿಯುವ ಸರದಿ ಆಕೆಯದು. ಉಂಡೆಯನ್ನೇ ನೋಡಿದರು, ನನ್ನ ಬೆರಳುಗಳನ್ನು ನೋಡಿದರು, ಹುಡುಗನ ಕಿವಿಯಲ್ಲಿ ಏನೋ ಅಂದರು.

"ಏನಂತೆ?" ಅಂದೆ.

"ತುಂಬಾ ಸಂತೋಷ ಅಂತೆ," ಅಂದ.

"ಅಷ್ಟೇನಾ?"

"ಮತ್ತೆ... ನೀವು ಕೈ ತೊಳೆದಿದ್ದೀರಾ ಅಂತ."

ಖಾಲಿ ತಟ್ಟೆ

ತಟ್ಟೆಯಲ್ಲಿ ಅನ್ನ ಬಿಡುವುದು ನನ್ನ ಜಾಯಮಾನದಲ್ಲಿಲ್ಲ. ಕೊನೆಯ ಅಗುಳನ್ನೂ ಬಳಿದು ತಿಂದೆ. ಆಕೆ ತಕ್ಷಣ ಮತ್ತೆ ಬಡಿಸಿದರು. ಬಡಿಸಿದ್ದನ್ನು ಬಿಡಬಾರದೆಂದು ಅದನ್ನೂ ಖಾಲಿ ಮಾಡಿದೆ. ಮತ್ತೆ ಬಡಿಸಿದರು. ಸೀರೆಯ ನೆರಿಗೆ ಬಿಗಿಯಾಗತೊಡಗಿತು. ನಾನು ಬೆವರುತ್ತ ತಿನ್ನುತ್ತಿದ್ದೆ, ಆಕೆ ಕನಿಕರದಿಂದ ನೋಡುತ್ತ ಬಡಿಸುತ್ತಿದ್ದರು. ಆಮೇಲೆ ಆಕೆ ನನ್ನ ಮಗಳತ್ತ ಒಂದು ಸಲ ಗಂಭೀರವಾಗಿ ನೋಡಿ ಹುಡುಗನಿಗೆ ಉದ್ದಕ್ಕೆ ಏನೋ ಹೇಳಿದರು. ಅವನು ನೀರು ಕುಡಿದ. ತರ್ಜುಮೆ ಮಾಡಲಿಲ್ಲ.

"ಹೇಳಪ್ಪ, ಪರವಾಗಿಲ್ಲ," ಅಂದಳು ಮಗಳು.

"ಆಂಟಿ, ನಮ್ಮಲ್ಲಿ ಹೊಟ್ಟೆ ತುಂಬಿದರೆ ತಟ್ಟೆಯಲ್ಲಿ ಸ್ವಲ್ಪ ಬಿಡಬೇಕು. ಪೂರ್ತಿ ಖಾಲಿ ಮಾಡಿದರೆ ಇನ್ನೂ ಹಸಿವಿದೆ ಅಂತ ಅರ್ಥ."

"ಅದಕ್ಕೆ ನನ್ನನ್ನು ಯಾಕೆ ನೋಡಿದರು?"

"ನೀವು ಮನೆಯಲ್ಲಿ ಇವರಿಗೆ ಊಟ ಹಾಕ್ತೀರಾ ಅಂತ ಕೇಳ್ತಿದ್ದಾರೆ."

ಅಷ್ಟು ದೂರದಿಂದ ನನ್ನನ್ನು ಕೂರಿಸಿಕೊಂಡು ಡ್ರೈವ್ ಮಾಡಿ ಬಂದ ಮಗಳು ನನ್ನ ತಟ್ಟೆಯನ್ನೇ ದುರುಗುಟ್ಟಿ ನೋಡಿದಳು. ನಾನು ಜೀವನದಲ್ಲಿ ಮೊದಲ ಸಲ ನಾಲ್ಕು ಅಗುಳು ಬಿಟ್ಟು ತಟ್ಟೆ ಪಕ್ಕಕ್ಕೆ ತಳ್ಳಿದೆ. ನನ್ನ ಮಗಳ ಮಾನ ಉಳಿಸಲು.

ಎಲೆ ಅಡಿಕೆ

ಇಷ್ಟೆಲ್ಲ ಆದರೂ ಮದುವೆಯ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಮೊಮ್ಮಗಳ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು. ಎದ್ದು ಹೊರಡುವ ಹೊತ್ತು. ಮೊದಲ ಸಲ ಸಿಕ್ಕ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದು ಹೇಗೆ? ನಮ್ಮನೆಗೆ ಟಪಾಲು ಹಾಕುವ ಹೆಂಗಸಿಗೂ ಕೊಟ್ಟವಳು ನಾನು. ಬ್ಯಾಗಿನಿಂದ ಎಲೆ, ಅಡಿಕೆ, ಎರಡು ಬಾಳೆಹಣ್ಣು, ಒಂದು ಹಸಿರು ಬ್ಲೌಸ್ ಪೀಸ್ ತೆಗೆದು ಎರಡೂ ಕೈಯಲ್ಲಿ ಆಕೆಯ ಮುಂದೆ ಹಿಡಿದೆ.

ಆಕೆ ವೀಳ್ಯದೆಲೆ ನೋಡಿದವರೇ ಎದ್ದು ನಿಂತರು. ಕಣ್ಣು ತುಂಬಿತು. ಎರಡೂ ಕೈಯಲ್ಲಿ ತೆಗೆದುಕೊಂಡು, ಅದರಿಂದ ಎರಡು ಎಲೆ ಬೇರೆ ಮಾಡಿ ನನ್ನ ಕೈಗೆ ವಾಪಸ್ ಇಟ್ಟರು. ಕೊಟ್ಟದ್ದನ್ನು ಬೇಡ ಅನ್ನಬಾರದೆಂದು ನಾನೂ ತೆಗೆದುಕೊಂಡುಬಿಟ್ಟೆ.

ಹುಡುಗ ಬಿಳುಚಿಕೊಂಡಿದ್ದ. "ಅಜ್ಜಿ, ಇದು ಯಾಕೆ ಕೊಟ್ರಿ? ನಮ್ಮಲ್ಲಿ ಹೆಣ್ಣು ಕೇಳೋಕೆ ಹೋಗುವಾಗ ಎಲೆ ಅಡಿಕೆ ತಗೊಂಡು ಹೋಗೋದು. ತಗೊಂಡರೆ ಒಪ್ಪಿಗೆ."

ಮಗಳು ಕುರ್ಚಿಗೆ ಕುಸಿದಳು. "ಅಮ್ಮ, ನಮ್ಮಲ್ಲೂ ತಾಂಬೂಲ ಬದಲಾಯಿಸಿದರೆ ನಿಶ್ಚಿತಾರ್ಥವೇ ಅಲ್ವಾ? ಏನು ಮಾಡಿಬಿಟ್ಟೆ?"

ಆತುರ ಬೇಡ ಅಂದವರ ಎದುರು, ಹೆಣ್ಣಿನ ಕಡೆಯ ಅಜ್ಜಿಯೇ ಎಲೆ ಅಡಿಕೆ ಹಿಡಿದು ನಿಂತ ಹಾಗಾಯಿತು. ಮೊಮ್ಮಗಳು ಮುಖ ಮುಚ್ಚಿಕೊಂಡಿದ್ದಳು. ಎಲ್ಲ ಕೆಟ್ಟಿತು ಅಂದುಕೊಂಡೆ.

ಆಕೆ ನನ್ನ ಕೈ ಬಿಡದೆ ಮಾತಾಡುತ್ತಲೇ ಇದ್ದರು. ಹುಡುಗ ತಡವರಿಸುತ್ತ ಹೇಳಿದ. "ಗಂಡಿನ ಕಡೆಯವಳು ನಾನು ತರಬೇಕಿತ್ತು, ನೀವೇ ತಂದಿರಿ ಅಂತಿದ್ದಾರೆ. ಎಷ್ಟೋ ದಿನದಿಂದ ಕೇಳಬೇಕು ಅಂತಿದ್ದರಂತೆ. ಹುಡುಗಿಯ ಅಜ್ಜಿಗೆ ಆತುರ ಇಷ್ಟ ಇಲ್ಲ ಅಂತ ನಾನು ಹೇಳಿದ್ದಕ್ಕೆ ಸುಮ್ಮನಿದ್ದರಂತೆ."

ನಾನು ಮೊಮ್ಮಗಳನ್ನು ನೋಡಿದೆ. ಆಕೆ ಮೊಮ್ಮಗನನ್ನು ನೋಡಿದರು. ಮಕ್ಕಳಿಬ್ಬರೂ ಮೇಜು ನೋಡಿದರು.

"ಹಾಗಾದರೆ ಯಾರಿಗೆ ಆತುರ ಬೇಡವಾಗಿತ್ತು?" ಅಂದಳು ಮಗಳು.

ಹುಡುಗ ಸಣ್ಣ ದನಿಯಲ್ಲಿ, "ಆಂಟಿ, ನಾನಿನ್ನೂ ಅವಳನ್ನೇ ಕೇಳಿಲ್ಲ," ಅಂದ.

ಕೂಡಲೇ ಕುರ್ಚಿ ಹಿಂದಕ್ಕೆ ಸರಿಸಿ, ನನ್ನ ಮತ್ತು ಮೊಮ್ಮಗಳ ಕುರ್ಚಿಯ ಮಧ್ಯೆ ಮೊಣಕಾಲೂರಿ ಕೂತೇಬಿಟ್ಟ. ಎಂಥ ಸಂಸ್ಕಾರದ ಹುಡುಗ, ಒಪ್ಪಿಗೆಯಾದ ತಕ್ಷಣ ಹಿರಿಯರಿಗೆ ನಮಸ್ಕಾರ ಮಾಡುತ್ತಿದ್ದಾನೆ ಎಂದು ನನ್ನ ಕಣ್ಣು ಒದ್ದೆಯಾಯಿತು. ಚಪ್ಪಲಿ ಬಿಟ್ಟು ಎರಡೂ ಕಾಲು ಮುಂದೆ ಚಾಚಿ, ಅವನ ತಲೆಯನ್ನು ಕೈಯಿಂದ ಬಲವಾಗಿ ಬಗ್ಗಿಸಿ, "ಹೆಂಡತಿ ಮಕ್ಕಳೊಂದಿಗೆ ಸುಖವಾಗಿ ಬಾಳಪ್ಪ," ಎಂದು ಆಶೀರ್ವಾದ ಮಾಡಿದೆ.

ಬಗ್ಗಿದ ತಲೆಯ ಕೆಳಗಿನಿಂದ ಅವನು ಏನೋ ಗೊಣಗುತ್ತಿದ್ದ. ಮೊಮ್ಮಗಳು ನನ್ನ ಭುಜ ಮುಟ್ಟಿದಳು.

"ಅಜ್ಜಿ, ಪ್ಲೀಸ್, ಕೈ ತೆಗಿ. ಅವನು ತಲೆ ಎತ್ತಿದ್ರೆ ನಾನು ಯೆಸ್ ಅನ್ನಬಹುದು."